ಒನಕೆಯ ನೆರಳು, ತಾರಸಿಯ ನಕ್ಷತ್ರ



ಬೇಸಿಗೆ ರಜೆ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ರಾಗವೇ ಬದಲಾಗುತ್ತದೆ. ಸಂಡಿಗೆ ಕೆಂಪಾಗುವುದೇಕೆ, ಉಪ್ಪಿನಕಾಯಿಗೆ ಬೂಷ್ಟು ಬಾರದಂತೆ ಏನು ಮಾಡಬೇಕು ಎಂಬ ಪ್ರಶ್ನೆಗಳು ಇದ್ದದ್ದೇ. ಅವುಗಳ ಹಿಂದೆಯೇ, "ಮಕ್ಕಳನ್ನು ಹೇಗೆ ಸುಧಾರಿಸುವುದು?" ಅಂತ ಒಂದು ರಾಶಿ. ಈ ಸಲ ಕಡೂರಿನ ಹತ್ತಿರದ ಹಳ್ಳಿಯಿಂದ ಒಬ್ಬ ಸೋದರಿ ಬರೆದ ಪತ್ರ ಅವುಗಳಲ್ಲೆಲ್ಲ ಬೇರೆಯಾಗಿ ಕಂಡಿತು. ಅವರ ಹನ್ನೊಂದು ವರ್ಷದ ಮಗಳಿಗೆ ಶಾಲೆಯಲ್ಲಿ ಗ್ರಹ ನಕ್ಷತ್ರಗಳ ಪಾಠ ಆದಂದಿನಿಂದ ಅದೇ ಹುಚ್ಚು. ರಾತ್ರಿ ತಾರಸಿಗೆ ಹೋಗಿ ನೋಡುತ್ತೇನೆ ಎನ್ನುತ್ತಾಳಂತೆ. ಅತ್ತೆಯವರು, "ಹೆಣ್ಣುಮಗು, ದೀಪ ಹಚ್ಚಿದ ಮೇಲೆ ಅಲ್ಲೇನು ಕೆಲಸ?" ಎಂದು ತಡೆಯುತ್ತಾರಂತೆ. ಅವಳ ತಮ್ಮ ಮಾತ್ರ ರಾತ್ರಿ ಒಂಬತ್ತಾದರೂ ಬೀದಿಯಲ್ಲೇ! ದೂರದರ್ಶಕ ಕೊಡಿಸುವ ಅನುಕೂಲವಿಲ್ಲ, ಇಂಗ್ಲಿಷ್ ಪುಸ್ತಕ ಓದಿ ಹೇಳಿಕೊಡಲು ತಮಗೆ ಬಾರದು, ಅತ್ತೆಯವರ ಮಾತು ಮೀರುವುದಕ್ಕೂ ಮನಸ್ಸಿಲ್ಲ, ಏನು ಮಾಡಲಿ ಎಂದು ಕೇಳಿದ್ದಾರೆ.

ದೂರದರ್ಶಕ ಬೇಡ ಸೋದರಿ. ಇಂಗ್ಲಿಷ್ ಪುಸ್ತಕವೂ ಬೇಡ. ನಿಮ್ಮ ಮನೆಯಲ್ಲಿ ಒಂದು ಒನಕೆ, ಒಂದು ತೆಂಗಿನಕಾಯಿ, ಒಂದು ಹಿಡಿ ರಾಗಿ, ಬೂಂದಿ ಕರಿಯುವ ತೂತಿನ ಸೌಟು, ಇಷ್ಟಿದ್ದರೆ ಸಾಕು. ಇವಕ್ಕಿಂತ ಹೆಚ್ಚಾಗಿ ಬೇಕಾದದ್ದು ಅತ್ತೆಯವರು. ಅವರ ಕಣ್ಣು ತಪ್ಪಿಸಿ ಮಗಳನ್ನು ಮೇಲೆ ಕಳಿಸುವ ಯೋಚನೆ ಬೇಡ. ಅವರನ್ನೇ ಆಟಕ್ಕೆ ಕರೆಯಿರಿ. ಯಾಕೆಂದರೆ ನಿಮಗೂ ನನಗೂ ಬಾರದ ಒಂದು ವಿದ್ಯೆ ಅವರಿಗೆ ಬಾಯಿಪಾಠವಾಗಿರುತ್ತದೆ.

ಅದು ಮಳೆಗಳ ಹೆಸರು. ನಮ್ಮದು ಬಯಲುಸೀಮೆ. ಬಾಬಾಬುಡನ್ ಗಿರಿಯ ಆ ಕಡೆ ಸುರಿಯುವ ಮಳೆಯನ್ನು ಈ ಕಡೆ ನಿಂತು ನೋಡುವವರು ನಾವು. ಹಾಗಾಗಿ ಇಲ್ಲಿಯ ಹಿರಿಯರಿಗೆ ಮಳೆಯ ಲೆಕ್ಕ ಚೊಕ್ಕ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಅಜ್ಜಿಯರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಯಾವ ಮಳೆಗೆ ಯಾವ ಬಿತ್ತನೆ ಎಂಬುದೂ ಗೊತ್ತು. ಆದರೆ ಇವೆಲ್ಲ ನಕ್ಷತ್ರಗಳ ಹೆಸರು ತಾನೇ? ಅವು ಆಕಾಶದಲ್ಲಿ ಎಲ್ಲಿವೆ ಎಂದು ಕೇಳಿದರೆ ಅಜ್ಜಿಯೂ ಸುಮ್ಮನೆ, ಮೊಮ್ಮಗಳೂ ಸುಮ್ಮನೆ. ಆಟ ಶುರುವಾಗಬೇಕಾದದ್ದು ಅಲ್ಲಿಂದಲೇ.

ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಇಪ್ಪತ್ತೇಳು ಚೀಟಿ ಮಾಡಿ. ಅತ್ತೆಯವರು ಅಶ್ವಿನಿಯಿಂದ ರೇವತಿಯವರೆಗೆ ಹೇಳುತ್ತಾ ಹೋಗಲಿ, ಮಗಳು ಬರೆಯಲಿ. ಪಡಸಾಲೆಯ ನಡುವೆ ನಿಂತು ಗೋಡೆ ನೋಡಿದಾಗ ಬಲದಿಂದ ಎಡಕ್ಕೆ ಸಾಲಾಗಿ ಬರುವಂತೆ, ನಾಲ್ಕೂ ಗೋಡೆಗೆ ಸುತ್ತ ಅಂಟಿಸಿ. ನಡುವೆ ಒಂದು ಮಣೆಯ ಮೇಲೆ ಸ್ಟೂಲಿಟ್ಟು ಅದರ ಮೇಲೆ ದೀಪ. ಅದು ಸೂರ್ಯ. ಮಗು ಭೂಮಿ. ದೀಪ ತನ್ನ ಎಡಗೈಗೆ ಬರುವಂತೆ ಮಗು ನಿಧಾನವಾಗಿ ಸುತ್ತು ಬರಲಿ. "ಅಯ್ಯೋ, ಅಪ್ರದಕ್ಷಿಣ ಬೇಡ" ಎಂದು ಅತ್ತೆಯವರು ಹೇಳುವುದು ಖಂಡಿತ. ಏನು ಮಾಡೋಣ, ಉತ್ತರದ ಕಡೆಯಿಂದ ನೋಡಿದರೆ ಭೂಮಿ ಸೂರ್ಯನನ್ನು ಸುತ್ತುವುದೇ ಹಾಗೆ!

ಮಗು ನಿಂತಲ್ಲಿಂದ ದೀಪದ ಹಿಂದೆ ಗೋಡೆಯ ಮೇಲೆ ಯಾವ ಚೀಟಿ ಕಾಣುತ್ತದೆಯೋ ಅದೇ ಆಗಿನ ಮಳೆ. ದೀಪದ ಹಿಂದೆ ರೋಹಿಣಿ ಬಂದರೆ ರೋಹಿಣಿ ಮಳೆ. ಎರಡು ಹೆಜ್ಜೆ ಮುಂದೆ ಹೋದರೆ ಮೃಗಶಿರ. ವರ್ಷದ 365 ದಿನವನ್ನು ಇಪ್ಪತ್ತೇಳಕ್ಕೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ ಬರುತ್ತದೆ. ಪಂಚಾಂಗದಲ್ಲಿ ಒಂದು ಮಳೆಗೆ ಹದಿಮೂರು ಹದಿನಾಲ್ಕು ದಿನ ಇರುವುದು ಇದಕ್ಕೇ. ಈಗ ಮಗಳು ಒಂದು ಪ್ರಶ್ನೆ ಕೇಳುತ್ತಾಳೆ, ಕೇಳದಿದ್ದರೆ ನೀವೇ ಕೇಳಿ. ರೋಹಿಣಿ ಮಳೆಯಲ್ಲಿ ರೋಹಿಣಿ ನಕ್ಷತ್ರ ಕಾಣುತ್ತದೆಯೇ? ಕಾಣುವುದಿಲ್ಲ. ಅದು ಸೂರ್ಯನ ಕಡೆಗೇ ಇರುತ್ತದೆ, ಹಗಲಿನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ದೀಪಕ್ಕೆ ಬೆನ್ನು ಮಾಡಿ ನಿಂತರೆ ಎದುರಿಗೆ ಕಾಣುವ ಅನೂರಾಧಾ, ಜ್ಯೇಷ್ಠಾ ಚೀಟಿಗಳೇ ಆಗಿನ ನಡುರಾತ್ರಿಯ ನಕ್ಷತ್ರಗಳು. ಈ ಒಂದು ಮಾತು ಅಜ್ಜಿಗೆ ಹೊಳೆದಾಗ ಅವರ ಮುಖ ನೋಡಬೇಕು. ಎಷ್ಟೋ ವರ್ಷದಿಂದ ಬಾಯಲ್ಲಿದ್ದ ಹೆಸರು, ಒಂದು ಸ್ಥಳ ಹಿಡಿದು ಕೂತ ಹಾಗಾಗುತ್ತದೆ.

ಇನ್ನು ಅವರನ್ನು ತಾರಸಿಗೆ ಕರೆದುಕೊಂಡು ಹೋಗುವುದು ಕಷ್ಟವಲ್ಲ. ಒಂದು ಚಾಪೆ, ಸೊಳ್ಳೆಗೆ ಒಂದು ಹೊದಿಕೆ, ತಿನ್ನಲು ಹುರಿಗಡಲೆ ಚುರುಮುರಿ. ಮನೆಯ ದೀಪ ಆರಿಸಿ, ಹತ್ತು ಹದಿನೈದು ನಿಮಿಷ ಕಣ್ಣು ಕತ್ತಲಿಗೆ ಒಗ್ಗಲಿ. ಯಾರೂ ಮೊಬೈಲು ತೆಗೆಯಕೂಡದು, ಒಂದು ಸಲ ಆ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿನಿಂದ ಕಾಯಬೇಕು. ಬೆಂಗಳೂರಿನವರು ನಕ್ಷತ್ರ ನೋಡಲು ಕಾರು ಮಾಡಿಕೊಂಡು ಊರಾಚೆ ಹೋಗುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬಿ.ಎಚ್. ರಸ್ತೆಯ ದೀಪಗಳಿಗೆ ಬೆನ್ನು ಹಾಕಿ ಕೂತರೆ ಆಯಿತು.

ಏಪ್ರಿಲ್ ಕೊನೆಯಲ್ಲಿ ರಾತ್ರಿ ಎಂಟೂವರೆಗೆ ಅಂಗಾತ ಮಲಗಿ ನೋಡಿ. ಸರಿಯಾಗಿ ನೆತ್ತಿಯ ಮೇಲಿರುವುದೇ ಮಘಾ ನಕ್ಷತ್ರ. ಆಗಸ್ಟಿನಲ್ಲಿ ಮಘೆ ಮಳೆ ಎನ್ನುತ್ತೇವಲ್ಲ, ಅದೇ ಮಘೆ. ಉತ್ತರ ಈಶಾನ್ಯದ ಕಡೆ ಸೌಟಿನ ಆಕಾರದಲ್ಲಿ ಸಪ್ತರ್ಷಿ ಮಂಡಲ. ಸೌಟಿನ ಹಿಡಿಯ ಬಾಗನ್ನು ಹಾಗೇ ಮುಂದಕ್ಕೆಳೆದರೆ ಪೂರ್ವದಲ್ಲಿ ಕಿತ್ತಳೆ ಛಾಯೆಯ ಸ್ವಾತಿ ಸಿಗುತ್ತದೆ. ಇನ್ನೂ ಎಳೆದರೆ ಬಿಳಿಯ ಚಿತ್ತೆ. ಮೂರು ಮಳೆ ಒಂದೇ ಸಂಜೆಗೆ ಸಿಕ್ಕವು! ಏಳೂವರೆಗೇ ಹತ್ತಿದ್ದರೆ ಪಶ್ಚಿಮದಲ್ಲಿ ಇಳಿಯುತ್ತಿರುವ ಕೆಂಪು ಆರಿದ್ರ, ಅದರ ಕೆಳಗೆ ರೋಹಿಣಿಯೂ ಸಿಗುತ್ತವೆ. ರೋಹಿಣಿ ಇರುವುದು ವೃಷಭ ರಾಶಿಯಲ್ಲಿ. ಪುಸ್ತಕದ ಚಿತ್ರದಲ್ಲಿ ಆ ಹೋರಿ ಯಾರಿಗೂ ಗುರುತು ಸಿಗುವುದಿಲ್ಲ. ಆದರೆ ಅಜ್ಜಂಪುರದ ಅಮೃತಮಹಲ್ ಹೋರಿಯನ್ನು ನೋಡಿದ ನಮ್ಮ ಮಕ್ಕಳಿಗೆ ಕಷ್ಟವಿಲ್ಲ. ಸಣ್ಣ ಮುಖ, ಅದರಲ್ಲಿ ಕೆಂಪು ಕಣ್ಣು ರೋಹಿಣಿ, ಮುಖಕ್ಕೆ ಮೀರಿ ಉದ್ದಕ್ಕೆ ಚಾಚಿದ ಎರಡು ಕೊಂಬು. ಈ ಹೋರಿಯನ್ನು ಚೆನ್ನಾಗಿ ನೋಡಬೇಕಾದರೆ ಡಿಸೆಂಬರ್, ಜನವರಿ ಸಂಜೆಗಳೇ ಸರಿ. ಅದರ ಹೆಗಲ ಮೇಲೆ ಪುಟ್ಟ ಗೊಂಚಲಿನಂತೆ ಕೃತ್ತಿಕೆ. ಎಷ್ಟು ನಕ್ಷತ್ರ ಎಣಿಸಿದಿರಿ ಎಂದು ಪಂದ್ಯ ಕಟ್ಟಿ. ಸಾಮಾನ್ಯ ಕಣ್ಣಿಗೆ ಆರು, ಕಣ್ಣು ಚುರುಕಾಗಿದ್ದರೆ ಏಳಕ್ಕೂ ಮೇಲೆ. ಮಕ್ಕಳೆಲ್ಲ ಆರು ಎಣಿಸಿ ಒಬ್ಬನಿಗೆ ಮಾತ್ರ ಬರೀ ಮಂಜು ಕಂಡರೆ, ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ತಮಾಷೆಗೆ ಹೇಳುತ್ತಿಲ್ಲ. ಶಾಲೆಯಲ್ಲಿ ಬೋರ್ಡು ಕಾಣದ್ದನ್ನು ಹೇಳದೆ ಕೂರುವ ಮಕ್ಕಳು ಬೇಕಾದಷ್ಟಿದ್ದಾರೆ.

ಕಣ್ಣಿನ ಪರೀಕ್ಷೆ ಎಂದಾಗ ನಮ್ಮ ಅರುಂಧತಿ ನೆನಪಾಗುತ್ತಾಳೆ. ಮದುವೆಯಲ್ಲಿ ಪುರೋಹಿತರು "ಅರುಂಧತೀ ನಕ್ಷತ್ರ ಕಂಡಿತೇನಮ್ಮಾ?" ಎಂದಾಗ ನಾವೆಲ್ಲ ನಡುಮಧ್ಯಾಹ್ನ ಶಾಮಿಯಾನದ ಕಡೆ ತಲೆಯೆತ್ತಿ "ಕಂಡಿತು" ಎಂದವರೇ! ಈಗ ನಿಜವಾಗಿ ನೋಡೋಣ. ಸಪ್ತರ್ಷಿ ಸೌಟಿನ ಹಿಡಿಯಲ್ಲಿ ಮೂರು ನಕ್ಷತ್ರ. ತುದಿಯದು ಮರೀಚಿ, ನಡುವಿನದು ವಸಿಷ್ಠ. ವಸಿಷ್ಠನಿಗೆ ಅಂಟಿಕೊಂಡಂತೆ ಒಂದು ಮಸುಕು ಚುಕ್ಕೆ ಇದೆಯಲ್ಲ, ಅವಳೇ ಅರುಂಧತಿ. ಮದುವೆಯಾಗಿ ಎಷ್ಟು ವರ್ಷವಾದರೂ ಸರಿ, ಗಂಡನನ್ನೂ ಮೇಲೆ ಕರೆದು ತೋರಿಸಿ. ಅತ್ತೆ ಮಾವನವರಿಗೂ ತೋರಿಸಿ. ಪೊರೆ ಬಂದ ಕಣ್ಣಿಗೆ ಕಾಣದಿದ್ದರೆ ಮೊಮ್ಮಗಳು ಕೈಹಿಡಿದು ದಿಕ್ಕನ್ನಾದರೂ ತೋರಿಸಲಿ.

ಸೌಟಿನ ಬಾಯಿಯ ಕಡೆಯ ಎರಡು ನಕ್ಷತ್ರಗಳು ಪುಲಹ, ಕ್ರತು. ಪುಲಹನಿಂದ ಕ್ರತುವಿಗೆ ಗೆರೆ ಎಳೆದು ಅದರ ಐದರಷ್ಟು ಮುಂದುವರಿಸಿದರೆ ಧ್ರುವ ಸಿಗುತ್ತದೆ. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಚಿಕ್ಕವರ ಕೈ ಚಿಕ್ಕದು, ಮುಷ್ಟಿಯೂ ಚಿಕ್ಕದು, ಹಾಗಾಗಿ ಲೆಕ್ಕ ಎಲ್ಲರಿಗೂ ಒಂದೇ. ಕಡೂರಿನಲ್ಲಿ ಧ್ರುವ ನಕ್ಷತ್ರ ಉತ್ತರದ ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು ಎತ್ತರದಲ್ಲಿರುತ್ತದೆ. ನಮ್ಮ ಊರಿನ ಅಕ್ಷಾಂಶ ಹದಿಮೂರೂವರೆ ಡಿಗ್ರಿ ಎಂದು ಭೂಪಟದಲ್ಲಿದೆಯಲ್ಲ, ಅದೇ ಇದು. ಶ್ರೀನಗರದಲ್ಲಿ ಮೂರು ಮುಷ್ಟಿಗೂ ಹೆಚ್ಚು, ಕನ್ಯಾಕುಮಾರಿಯಲ್ಲಿ ಒಂದು ಮುಷ್ಟಿಯೂ ಇಲ್ಲ. ಇನ್ನೆರಡು ಗಂಟೆ ಎಚ್ಚರವಿದ್ದರೆ, ಹತ್ತೂವರೆ ಸುಮಾರಿಗೆ ದಕ್ಷಿಣದಲ್ಲಿ, ತೆಂಗಿನ ತೋಟದ ತಲೆಯ ಮೇಲೆ, ಶಿಲುಬೆಯಾಕಾರದ ತ್ರಿಶಂಕು ಕಾಣುತ್ತದೆ. ದೆಹಲಿಯವರಿಗೆ ಇದು ಪೂರ್ತಿಯಾಗಿ ಕಾಣುವುದೇ ಇಲ್ಲ. ನಾವು ಅಂಗಳದಲ್ಲಿ ಕೂತು ಉತ್ತರಕ್ಕೆ ಸಪ್ತರ್ಷಿ, ದಕ್ಷಿಣಕ್ಕೆ ತ್ರಿಶಂಕು ಎರಡನ್ನೂ ನೋಡುತ್ತೇವೆ.

ಹಗಲಿನ ಆಟಕ್ಕೆ ಬರೋಣ. ಇದು ಒನಕೆಯದು.

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಇರುವ ಊರುಗಳಿಗೆ ವರ್ಷದಲ್ಲಿ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ವಸ್ತುವಿಗೆ ನೆರಳೇ ಇರುವುದಿಲ್ಲ. ಅದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಬೆಂಗಳೂರಿಗೆ ಅದು ಏಪ್ರಿಲ್ 24ರ ಸುಮಾರಿಗೆ. ನಮಗೆ, ಅಂದರೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದವರಿಗೆ, ಏಪ್ರಿಲ್ 26ರ ಸುಮಾರಿಗೆ. ಮತ್ತೆ ಆಗಸ್ಟ್ 16ರ ಸುಮಾರಿಗೆ. ಪಂಚಾಂಗ ತೆಗೆದು ನೋಡಿ, ತಮಾಷೆಯಾಗಿದೆ. ಮೊದಲನೆಯದು ಭರಣಿ ಮಳೆ ಹಿಡಿಯುವ ಮುಂಚೆ, ಎರಡನೆಯದು ಮಘೆ ಮಳೆ ಹಿಡಿಯುವ ಮುಂಚೆ. ಆಗಸ್ಟಿನಲ್ಲಿ ಮೋಡದ ಕಾಟ, ಆದ್ದರಿಂದ ಏಪ್ರಿಲ್ ದಿನ ಬಿಡಬೇಡಿ. ದೆಹಲಿಯವರಿಗೆ ಈ ಭಾಗ್ಯವೂ ಇಲ್ಲ, ಅವರ ಊರು ಕರ್ಕಾಟಕ ವೃತ್ತದಿಂದ ಆಚೆ.

ಅಂಗಳದಲ್ಲಿ ಸಮನಾದ ಜಾಗ ಗುಡಿಸಿ, ಒನಕೆಯ ಕಬ್ಬಿಣದ ಕಟ್ಟಿನ ತುದಿ ಕೆಳಗಾಗುವಂತೆ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಹಿಡಿದು, ಒನಕೆ ನೆಟ್ಟಗಿದೆಯೇ ಎಂದು ನಾಲ್ಕೂ ಕಡೆಯಿಂದ ನೋಡಿ. ಹನ್ನೆರಡು ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದು ರಂಗೋಲಿ ಚುಕ್ಕೆ. ನೆರಳು ಕುಗ್ಗುತ್ತಾ ಬರುತ್ತದೆ. ಆದರೆ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಮಾಯವಾಗುವುದಿಲ್ಲ! ಕಡೂರಿನಲ್ಲಿ ಅದು ಮಾಯವಾಗುವುದು ಹನ್ನೆರಡು ಗಂಟೆ 24 ನಿಮಿಷದ ಸುಮಾರಿಗೆ. ಮಕ್ಕಳು ಗಡಿಯಾರ ತಪ್ಪು ಎನ್ನುತ್ತಾರೆ. ಗಡಿಯಾರ ಸರಿಯಾಗಿದೆ. ನಮ್ಮ ದೇಶದ ಸಮಯವನ್ನು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82½ ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದಾರೆ. ನಾವಿರುವುದು 76 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಆರೂವರೆ ಡಿಗ್ರಿಗೆ 26 ನಿಮಿಷ ತಡವಾಗಿ ನಮ್ಮಲ್ಲಿ ಮಧ್ಯಾಹ್ನ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಎರಡು ನಿಮಿಷ ಮುಂದಿರುತ್ತಾನೆ, ಅದಕ್ಕೆ 24. ಆ ಹೊತ್ತಿಗೆ ಬಕೆಟ್ಟು, ಲೋಟ, ಕೊಳಗ ಎಲ್ಲವನ್ನೂ ಹೊರಗೆ ತಂದಿಡಿ. ಮಕ್ಕಳೂ ನೆಟ್ಟಗೆ ನಿಂತು ತಮ್ಮ ನೆರಳು ಹುಡುಕಲಿ, ಕಾಲಡಿಯಲ್ಲಿ ಕೂತಿರುತ್ತದೆ. ತಲೆಗೆ ಟವೆಲ್ ಇರಲಿ, ಒಳಗೆ ಪಾನಕ ಕಾದಿರಲಿ.

ಒಂದೇ ದಿನಕ್ಕೆ ಮುಗಿಸಬೇಡಿ. ಒಂದು ಮೀಟರು ಉದ್ದದ ಕೋಲಿಗೆ ಜೂನ್ 21ರ ಸುಮಾರಿಗೆ ಮಧ್ಯಾಹ್ನದ ನೆರಳು ಸುಮಾರು 17 ಸೆಂಟಿಮೀಟರು, ಅದೂ ದಕ್ಷಿಣಕ್ಕೆ. ಡಿಸೆಂಬರ್ 22ರ ಸುಮಾರಿಗೆ 75 ಸೆಂಟಿಮೀಟರು, ಉತ್ತರಕ್ಕೆ. ತಿಂಗಳಿಗೊಮ್ಮೆ ಗುರುತು ಹಾಕಿ ತಾರೀಕು ಬರೆದರೆ ವರ್ಷದ ಕೊನೆಗೆ ನಿಮ್ಮ ಅಂಗಳವೇ ಪಂಚಾಂಗ. ಸಾರಿಸಿ ಗುಡಿಸುವಾಗ ಅಳಿಸದಂತೆ ಗುರುತಿಗೆ ಸಣ್ಣ ಮೊಳೆ ಹೊಡೆಯಿರಿ.

ನಿಮ್ಮಲ್ಲಿ ಯಾರ ತವರಾದರೂ ವಿಜಯಪುರವಾಗಿದ್ದರೆ ಅವರಿಗೊಂದು ವಿಶೇಷ ಆಟವಿದೆ. ವಿಜಯಪುರ ನಮ್ಮಿಂದ ಹೆಚ್ಚು ಕಡಿಮೆ ನೇರ ಉತ್ತರಕ್ಕಿದೆ. ಇಲ್ಲಿ ಒನಕೆಯ ನೆರಳು ಮಾಯವಾದ ಹೊತ್ತಿನಲ್ಲೇ ಅಣ್ಣನಿಗೆ ಫೋನು ಮಾಡಿ, ಅಲ್ಲಿ ಒಂದು ಮೀಟರು ಕೋಲು ನಿಲ್ಲಿಸಿ ನೆರಳು ಅಳೆಯಲು ಹೇಳಿ. ಸುಮಾರು 5.7 ಸೆಂಟಿಮೀಟರು ಬರಬೇಕು. ಕಾಗದದ ಮೇಲೆ ಆ ಅಳತೆಗೆ ತ್ರಿಕೋನ ಬರೆದು ಮಕ್ಕಳ ಜಾಮೆಟ್ರಿ ಪೆಟ್ಟಿಗೆಯ ಕೋನಮಾಪಕ ಇಟ್ಟರೆ 3.3 ಡಿಗ್ರಿ. ಎರಡು ಊರಿನ ನೇರ ದೂರ ಸುಮಾರು 365 ಕಿಲೋಮೀಟರು. ಭೂಪಟದ ಮೇಲೆ ಅಳೆಯಿರಿ, ಬಸ್ಸಿನ ದೂರ ಹಿಡಿಯಬೇಡಿ. 3.3 ಡಿಗ್ರಿಗೆ 365 ಆದರೆ ಸುತ್ತು 360 ಡಿಗ್ರಿಗೆ ಎಷ್ಟು? 39,800ರ ಆಚೀಚೆ ಬರುತ್ತದೆ. ಭೂಮಿಯ ಸುತ್ತಳತೆ ನಿಜವಾಗಿ 40,000 ಕಿಲೋಮೀಟರು! ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಎರಟೋಸ್ತನೀಸ್ ಎಂಬ ಪಂಡಿತ 2,200 ವರ್ಷಗಳ ಹಿಂದೆ ಮಾಡಿದ್ದು ಇದನ್ನೇ. ಅವನ ಹತ್ತಿರ ಫೋನಿರಲಿಲ್ಲ ಅಷ್ಟೆ. ನೆರಳು ಅರ್ಧ ಸೆಂಟಿಮೀಟರು ತಪ್ಪಿದರೂ ಲೆಕ್ಕ ಮೂರು ನಾಲ್ಕು ಸಾವಿರ ಕಿಲೋಮೀಟರು ಹೋಗಿಬಿಡುತ್ತದೆ. ಹಾಗಾದರೆ ಬೇಸರ ಬೇಡ, ಆಗಸ್ಟಿನಲ್ಲಿ ಇನ್ನೊಮ್ಮೆ.

ತೆಂಗಿನಕಾಯಿಯ ಆಟ ಚಿಕ್ಕ ಮಕ್ಕಳಿಗೆ. ಸುಲಿದ ಕಾಯಿ ಸೂರ್ಯ ಎಂದಿಟ್ಟುಕೊಳ್ಳಿ. ಭೂಮಿ ಒಂದು ಸಣ್ಣ ರಾಗಿ ಕಾಳು. ಕಾಯಿಯನ್ನು ದೇವಸ್ಥಾನದ ಕಟ್ಟೆಯ ಮೇಲಿಟ್ಟು ಇಪ್ಪತ್ತು ಹೆಜ್ಜೆ ನಡೆದು ರಾಗಿ ಇಡಬೇಕು. ರಾಗಿಯಿಂದ ಎರಡು ಬೆರಳಗಲದಲ್ಲಿ ಚಿರೋಟಿ ರವೆಯ ಒಂದು ಕಣ, ಅದು ಚಂದ್ರ. ಮನುಷ್ಯ ಹೋಗಿಬಂದ ದೂರ ಅಷ್ಟೇ! ಗುರುವಿಗೆ ಕಾಬೂಲಿ ಕಡಲೆ, ನೂರು ಹೆಜ್ಜೆಗೆ. ಶನಿಗೆ ಅದಕ್ಕಿಂತ ಸ್ವಲ್ಪ ಸಣ್ಣ ಕಡಲೆ, 190 ಹೆಜ್ಜೆಗೆ. ಕೊನೆಯ ನೆಪ್ಚೂನ್ ಒಂದು ಹೆಸರುಕಾಳು, 600 ಹೆಜ್ಜೆ ದೂರ, ಅಷ್ಟರಲ್ಲಿ ಊರಿನ ಬೀದಿ ಮುಗಿದು ಕೆರೆ ಏರಿ ಬಂದಿರುತ್ತದೆ. ಮುಂದಿನ ತೆಂಗಿನಕಾಯಿ, ಅಂದರೆ ಪಕ್ಕದ ನಕ್ಷತ್ರ, ಎಲ್ಲಿಡಬೇಕು ಎಂದು ಕೇಳಿ. ಬೀರೂರು ಎನ್ನುತ್ತಾರೆ, ಧೈರ್ಯವಂತರು ಬೆಂಗಳೂರು ಎನ್ನುತ್ತಾರೆ. ಅದು 3,400 ಕಿಲೋಮೀಟರು ಆಚೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಮ್ಮ ದೇಶದ ಉದ್ದವೇ 3,214!

ಚಂದ್ರನ ಬಗ್ಗೆ ಒಂದೇ ಮಾತು. ಯುಗಾದಿಯ ಮರುದಿನ ಬಿದಿಗೆ ಚಂದ್ರನನ್ನು ನೋಡಲೇಬೇಕು, ಚೌತಿಯ ಚಂದ್ರನನ್ನು ನೋಡಲೇಬಾರದು. ಇವೆರಡರ ನಡುವೆ ಚಂದ್ರ ಒಬ್ಬನಿದ್ದಾನೆ ಎಂಬುದನ್ನೇ ಮರೆತಿರುತ್ತೇವೆ. ಹುಣ್ಣಿಮೆಯ ದಿನ ಮೂಡುವ ಚಂದ್ರ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಾನಲ್ಲ, ಆಗ ಒಂದು ಒಣ ಬಟಾಣಿಯನ್ನು ಚಾಚಿದ ಕೈಯಲ್ಲಿ ಹಿಡಿದು ಮುಚ್ಚಿ ನೋಡಿ. ಮುಚ್ಚಿಹೋಗುತ್ತಾನೆ. ಹತ್ತು ಗಂಟೆಗೆ ಮೇಲೇರಿ ಸಣ್ಣಗಾದ ಎನಿಸಿದಾಗ ಮತ್ತೆ ಅದೇ ಬಟಾಣಿ ಹಿಡಿಯಿರಿ. ಅಷ್ಟೇ ಇದ್ದಾನೆ! ದೊಡ್ಡದು ಸಣ್ಣದು ಎಂಬುದೆಲ್ಲ ನಮ್ಮ ಕಣ್ಣಿನ ಮೋಸ.

ಇನ್ನು ಗ್ರಹಣ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

ಗ್ರಹಣ ಹಿಡಿದಾಗ ನೀರು ತುಂಬಿದ ತಟ್ಟೆಯಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಲ್ಲೂ ಎಷ್ಟೋ ಊರಿನಲ್ಲಿ ನಿಲ್ಲಿಸಿದರು. ವಾದ ಮಾಡಬೇಡಿ ಸೋದರಿ. ಇವತ್ತೇ, ಯಾವ ಗ್ರಹಣವೂ ಇಲ್ಲದ ದಿನ, ಅದೇ ತಟ್ಟೆ ತಂದು ಅತ್ತೆಯವರ ಮುಂದೆಯೇ ನಿಲ್ಲಿಸಿ ನೋಡಿ. ಕೈ ತಾಳ್ಮೆಯಿಂದ ಆಡಿದರೆ ನಿಲ್ಲುತ್ತದೆ. ತಳ ಸಮವಾಗಿರುವ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಶೂನ್ಯ ನೆರಳಿನ ದಿನ ಅಂಗಳದಲ್ಲಿ ನಿಂತದ್ದೂ ಅದೇ ಒನಕೆ ತಾನೇ!

ಒನಕೆಯ ಮಾತು ನಿರುಪದ್ರವಿ. ಎಲ್ಲವೂ ಹಾಗಲ್ಲ. ಅದೇ 2019ರ ಗ್ರಹಣದ ದಿನ ಕಲಬುರಗಿಯ ಹತ್ತಿರ ಅಂಗವಿಕಲ ಮಕ್ಕಳನ್ನು, ಗುಣವಾಗುತ್ತದೆಂಬ ಆಸೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಕೂರಿಸಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಬಸುರಿ ಹೆಣ್ಣುಮಕ್ಕಳನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅನ್ನ ನೀರಿಲ್ಲದೆ ಗಂಟೆಗಟ್ಟಲೆ ಮಲಗಿಸುವುದು ಈಗಲೂ ಇದೆ. ಗ್ರಹಣದಿಂದ ಮಗುವಿಗೆ ತುಟಿ ಸೀಳುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ನೀರು ಕುಡಿಯದೆ ಬಸುರಿ ಸೊರಗುತ್ತಾಳೆ ಎಂಬುದಕ್ಕೆ ಬೇಕಾದಷ್ಟಿದೆ. ಹಿರಿಯರಿಗೆ ನೋವಾಗದಂತೆ ಹೇಳಿ, ಆದರೆ ಹೇಳಿ. ಹಿಂದಿನವರೆಲ್ಲ ಬಾಗಿಲು ಹಾಕಿಕೊಂಡು ಕೂತರು ಎಂಬುದೂ ಪೂರ್ತಿ ನಿಜವಲ್ಲ. ಹಳೆಯ ಕನ್ನಡ ಶಾಸನಗಳಲ್ಲಿ ಸೂರ್ಯಗ್ರಹಣದ ದಿನ ದೇವಾಲಯಕ್ಕೋ ವಿದ್ವಾಂಸರಿಗೋ ಭೂಮಿ ದಾನ ಕೊಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಅವರಿಗೆ ಅದು ಹೊರಗೆ ಬಂದು ನೀರಿನಲ್ಲಿ ನಿಂತು ದಾನ ಮಾಡುವ ಪರ್ವಕಾಲ. 1980ರ ಫೆಬ್ರವರಿ 16ರಂದು ಅಂಕೋಲೆ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದ ಪೂರ್ಣ ಸೂರ್ಯಗ್ರಹಣಕ್ಕೆ ದೇಶವಿದೇಶದ ವಿಜ್ಞಾನಿಗಳು ನಮ್ಮ ನಾಡಿಗೆ ಬಂದಿಳಿದರು. ನಮ್ಮ ಬೀದಿಗಳು ಮಾತ್ರ ಖಾಲಿ.

ಸೂರ್ಯಗ್ರಹಣದಲ್ಲಿ ನಿಜವಾದ ಅಪಾಯ ಒಂದೇ, ಅದು ಕಣ್ಣಿಗೆ. ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಬಾರದು, ಗ್ರಹಣವಿರಲಿ ಇಲ್ಲದಿರಲಿ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿದ ಗಾಜು, ತಂಪು ಕನ್ನಡಕ, ಸಗಣಿ ನೀರು ಯಾವುದೂ ಬೇಡ. ಅದಕ್ಕೆಂದೇ ಮಾಡಿದ ಕನ್ನಡಕದ ಮೇಲೆ ಐಎಸ್‌ಒ 12312-2 ಎಂದಿರಬೇಕು, ಗೀರು ಬಿದ್ದಿರಬಾರದು. ಅದಕ್ಕಿಂತ ಚೆಂದ ನಮ್ಮ ಬೂಂದಿ ಸೌಟು. ಸೂರ್ಯನಿಗೆ ಬೆನ್ನು ಹಾಕಿ ನಿಂತು, ಸೌಟಿನ ನೆರಳು ಬಿಳಿಯ ಪಂಚೆಯ ಮೇಲೆ ಬೀಳುವಂತೆ ಎತ್ತಿ ಹಿಡಿಯಿರಿ. ಒಂದೊಂದು ತೂತಿಗೂ ಒಂದೊಂದು ಪುಟ್ಟ ಸೂರ್ಯ, ಎಲ್ಲರಿಗೂ ಕಚ್ಚಿದ ಗುರುತು! ಹೊಂಗೆ ಮರದ ನೆರಳಿನಲ್ಲೂ ಎಲೆಗಳ ಸಂದಿನಿಂದ ಬಿದ್ದ ಬೆಳಕು ಆ ಹೊತ್ತಿಗೆ ಕುಡುಗೋಲು ಕುಡುಗೋಲಾಗಿ ಕಾಣುತ್ತದೆ. 2019ರಲ್ಲಿ ಕಂಕಣ ಗ್ರಹಣ ಮಂಗಳೂರು, ಕಾಸರಗೋಡು, ಕೊಡಗಿನ ಮೇಲೆ ಹಾದಿತ್ತು, ನಮಗೆ ಸಿಕ್ಕಿದ್ದು ಭಾಗಶಃ. 2031ರ ಮೇ 21ರಂದು ಇನ್ನೊಂದು ಕಂಕಣ ಕೇರಳ, ತಮಿಳುನಾಡುಗಳ ಮೇಲೆ ಹಾಯುತ್ತದೆ. ಆಗಲೂ ನಮಗೆ ಭಾಗಶಃ ಕಾಣುತ್ತದೆ, ಸೌಟು ಜೋಪಾನವಾಗಿರಲಿ.

ಚಂದ್ರಗ್ರಹಣಕ್ಕೆ ಸೌಟೂ ಬೇಡ, ಕನ್ನಡಕವೂ ಬೇಡ. ಅದು ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದಷ್ಟೆ, ಬರಿಗಣ್ಣಿನಲ್ಲಿ ಎಷ್ಟು ಹೊತ್ತು ನೋಡಿದರೂ ತೊಂದರೆಯಿಲ್ಲ. ನೆರಳಿನ ಅಂಚು ದುಂಡಗೆ ಇರುವುದನ್ನು ಮಕ್ಕಳಿಗೆ ತೋರಿಸಿ, ಭೂಮಿ ದುಂಡಗಿದೆ ಎಂಬ ಪಾಠಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ಹನ್ನೊಂದರಿಂದ ಹನ್ನೆರಡು ಇಪ್ಪತ್ತೆರಡರವರೆಗೆ ಚಂದ್ರ ಪೂರ್ತಿ ತಾಮ್ರದ ಬಣ್ಣಕ್ಕೆ ತಿರುಗಿದ್ದ. ಅಂದು ಮಲಗಿಬಿಟ್ಟವರು 2028ರ ಡಿಸೆಂಬರ್ 31 ಎಂದು ಗೋಡೆಯ ಮೇಲೆ ಬರೆದಿಡಿ. ಹೊಸ ವರ್ಷದ ಹಿಂದಿನ ರಾತ್ರಿ, ಒಂಬತ್ತೂಮುಕ್ಕಾಲರಿಂದ ಸುಮಾರು ಹನ್ನೊಂದರವರೆಗೆ ಪೂರ್ಣ ಗ್ರಹಣ. ಆಗ ಹೋರಿಯೂ ಕೃತ್ತಿಕೆಯೂ ಮೇಲೆಯೇ ಇರುತ್ತವೆ, ಚಂದ್ರ ಮಂಕಾದಾಗ ಇನ್ನೂ ಚೆನ್ನಾಗಿ ಎಣಿಸಬಹುದು. ಚಳಿ ಇರುತ್ತದೆ. ಮಕ್ಕಳಿಗೆ ಸ್ವೆಟರು, ಅಜ್ಜಿಗೆ ಕಂಬಳಿ, ಮನೆಯಲ್ಲಿ ಬಸುರಿ ಇದ್ದರೆ ಅವಳಿಗೆ ಒರಗುವ ಕುರ್ಚಿ, ಕೈಯಲ್ಲಿ ಒಂದು ಲೋಟ ಬಿಸಿ ಹಾಲು.